ಬಲಗುಂಡಿಗೆ ಕಟ್ಟಿದ ಪಟ್ಟಿ

"ಪುಸ್ತಕದಲ್ಲಿರೋದು ಬೇಡ ಅಕ್ಕಾ. ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ ತೋರಿಸಿ."

ಕೆಲಸದ ರೀತಿ ಗಮನಿಸಲು ಹೊರಗಿನಿಂದ ಬಂದ ಸಂಶೋಧಕಿ ಗಡಿಯಾರ ಹಿಡಿದು ನಿಂತಿದ್ದಳು. ಹಿಂದೆ ಮೇಸ್ತ್ರಿ. ತಂಗಿಯ ಬಲಗೈ ನುಂಗಿದ ಯಂತ್ರದ ಮುಂದೆ, ತಂಗಿಯದೇ ಸ್ಟೂಲಿನ ಮೇಲೆ ಅಕ್ಕ ಕೂತಳು. ಯಂತ್ರವೇನೋ ಮರುದಿನವೇ ಮೈತೊಳೆದುಕೊಂಡು ಕೆಲಸಕ್ಕೆ ಹಾಜರಾಗಿತ್ತು. ತಂಗಿಗೆ ಉಳಿದದ್ದು ಆಡಳಿತ ಬರೆದ ಒಂದೇ ಪದ: ಅಜಾಗರೂಕತೆ.

ಎಡಕ್ಕೊಂದು, ಬಲಕ್ಕೊಂದು ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ತಗಡಿನ ಮೇಲೆ ಅಚ್ಚು ಇಳಿಯುವುದು. ಎರಡೂ ಕೈ ಹೊರಗಿರಲೆಂದು. ಅಕ್ಕ ಹಾಗೇ ಒತ್ತಿದಳು. ನಿಮಿಷಕ್ಕೆ ಒಂಬತ್ತು ಡಬ್ಬಿ ಮುಚ್ಚಳ.

"ಗೋಡೆ ಮೇಲೆ ನಿಮಿಷಕ್ಕೆ ಹದಿನಾಲ್ಕು ಅಂತ ಬರ್ದಿದೆಯಲ್ಲ?"

"ಗೋಡೆಗೇನು ಮೇಡಮ್ಮೋರೆ, ಅದಕ್ಕೆ ಕೈ ಇಲ್ಲ."

ಪಕ್ಕದ ಸಾಲಿನಲ್ಲಿ ಯಾರೋ ಕಿಸಕ್ಕೆಂದು, ತಕ್ಷಣ ತಲೆ ತಗ್ಗಿಸಿದರು.

ಸಂಶೋಧಕಿ ನಗಲಿಲ್ಲ. "ಮನುಷ್ಯನ್ನ ಬೇರೆ, ಯಂತ್ರಾನ ಬೇರೆ ಇಟ್ಟು ನೋಡಿದ್ರೆ ತಪ್ಪು ಯಾವಾಗ್ಲೂ ಮನುಷ್ಯಂದೇ ಆಗುತ್ತೆ. ಗುರಿ, ಉಪಕರಣ, ನಿಯಮ, ಜೊತೆಯೋರು, ಎಲ್ಲಾ ಸೇರಿನೇ ಒಂದು ಚಟುವಟಿಕೆ. ನಾವು ಓದಿದ ಸಿದ್ಧಾಂತ ಹೇಳೋದು ಇಷ್ಟೇ. ಆ ಉಳಿದ ಐದು ಎಲ್ಲಿಂದ ಬರ್ತವೆ ಅಕ್ಕಾ?"

ಮೇಸ್ತ್ರಿ ಕೆಮ್ಮಿದ. "ನೋಡ್ಕೊಂಡು ಮಾತಾಡಮ್ಮಾ. ನಿನಗೂ ಕೆಲಸ ಬೇಕಲ್ಲ."

ಅಕ್ಕ ಜೇಬಿನಿಂದ ಎಣ್ಣೆ ಕುಡಿದ ಬಟ್ಟೆಯ ಪಟ್ಟಿ ತೆಗೆದಳು. ಬಲಗುಂಡಿಯನ್ನು ಅದುಮಿ, ಬಿಗಿದು ಕಟ್ಟಿದಳು. ಈಗ ಎಡಗೈ ಒತ್ತುತ್ತಿತ್ತು, ಬಲಗೈ ತಗಡು ಇಡಲು ಅಚ್ಚಿನಡಿಗೆ ಹೋಗಿ ಬರುತ್ತಿತ್ತು. ಹದಿನಾಲ್ಕು.

"ಸಾಲಲ್ಲಿರೋರೆಲ್ಲ ಕಟ್ತೀವಿ. ಪಟ್ಟಿ ಹಂಚೋದು ಈ ಮಹಾರಾಯರೇ." ಮೇಸ್ತ್ರಿಯತ್ತ ಚಾಚಿದ ಬೆರಳು ಮೆಲ್ಲಗೆ ತಿರುಗಿ ಅವಳ ಎದೆಗೇ ಬಂತು. "ತಂಗಿಗೆ ಈ ಗಂಟು ಹಾಕೋದು ಕಲಿಸಿದ್ದು ನಾನು. ಅದನ್ನೂ ಬರ್ಕೊಳ್ಳಿ."

ಸಂಜೆ ಗೇಟಿನಲ್ಲಿ ಅವಳ ಗುರುತಿನ ಚೀಟಿ ಕಿತ್ತುಕೊಂಡರು.

ಮನೆಯಲ್ಲಿ ತಂಗಿ ಕಿಟಕಿ ಪಕ್ಕದ ಮೇಜಿನ ಮುಂದೆ ಕೂತಿದ್ದಳು.

"ಬರ್ಕೊಂಡ್ರು ಕಣೇ. ತಪ್ಪು ನಿಂದಲ್ಲ ಅಂತ."

"ಸುಮ್ನಿರಕ್ಕಾ. ನೀನು ಸರಿಯಾಗೇ ಕಲಿಸಿದ್ದೆ. ಕೈ ತೆಗೆಯೋದು ನಾನೇ ತಡ ಮಾಡ್ದೆ."

ಅಕ್ಕ ಮೇಜಿನ ಕಡೆ ನೋಡಿದಳು. ತಂಗಿಯ ಎಡಗೈ ಮೇಜಿನಂಚನ್ನು ಒತ್ತುತ್ತಿತ್ತು, ಬಿಡುತ್ತಿತ್ತು. ಅದರ ಹಿಂದೆಯೇ ಕೈಯಿಲ್ಲದ ಬಲತೋಳು ಮುಂದೆ ಹೋಗಿ, ಸರಕ್ಕನೆ ಹಿಂದೆ ಬರುತ್ತಿತ್ತು. ತಂಗಿಯ ಕಣ್ಣು ಬೀದಿಯ ಮೇಲಿತ್ತು.

ಬೇಡವೆಂದುಕೊಂಡರೂ ಅಕ್ಕ ಎಣಿಸಿದಳು. ನಿಮಿಷಕ್ಕೆ ಹದಿನಾಲ್ಕು.