ಬಾಗಿಲ ಹಿಂದಿನ ತಮ್ಮ

ಒಲಿಂಡಾ ಅಡುಗೆಮನೆಗೆ ಹೊರಗಿನಿಂದ ಚಿಲಕ ಹಾಕಿ, ಕುರ್ಚಿಯನ್ನು ಬಾಗಿಲಿಗೇ ಒರಗಿಸಿ ಕೂತಳು. ಒಳಗೆ ಗಂಡನ ತಮ್ಮ ರಾಬರ್ಟ್ ಇದ್ದ. ಎದುರಿಗೆ ಎರಡು ಸ್ಟೂಲಿನ ಮೇಲೆ ಗಂಡ ಆಲ್ಫ್ರೆಡನ ಶವಪೆಟ್ಟಿಗೆ.

"ಮಂದೂಬ್ ಬಂದ," ಎಂದ ಕೆಳಗಿನ ಅಂಗಡಿಯ ಭೋಜರಾಜ, ಕಿಟಕಿಯಿಂದ ತಲೆ ಒಳಗೆಳೆದುಕೊಂಡು. "ಒಲಿಂಡಾಬಾಯಿ, ಅಳುವುದಾದ್ರೆ ಅಳಿ. ಆ ಬಾಗಿಲನ್ನು ಮಾತ್ರ ತಿರುಗಿ ನೋಡ್ಬೇಡಿ."

ಮಂದೂಬ್ ಎಂದರೆ ಕಂಪೆನಿಯ ಸರಕಾರಿ ಕೆಲಸಗಳನ್ನು ನೋಡಿಕೊಳ್ಳುವವನು. ಆಲ್ಫ್ರೆಡ್ ಈ ಅರಬ್ ನಾಡಿನಲ್ಲಿ, ರುಸೈಲಿನ ಪೈಪ್ ಫ್ಯಾಕ್ಟರಿಯಲ್ಲಿ ಸ್ಟೋರ್‌ಕೀಪರ್. ಕೆಲಸದ ನಡುವೆಯೇ ಎದೆ ಹಿಡಿದುಕೊಂಡು ಬಿದ್ದವನು ಏಳಲಿಲ್ಲ. ಹೆಣ ಊರಿಗೆ ಹೋಗಲು ಬೇಕಾದ ಕೊನೆಯ ಕಾಗದ ಈ ಮಂದೂಬನ ಚೀಲದಲ್ಲಿತ್ತು. ರಾಬರ್ಟನಿಗೋ ಪತಾಕವೇ, ಇಲ್ಲಿರಲು ಬೇಕಾದ ಗುರುತಿನ ಕಾರ್ಡೇ, ಇರಲಿಲ್ಲ. ಆಫೀಸ್ ಕೆಲಸವೆಂದು ಬಂದವನನ್ನು ವೀಸಾ ಕೊಟ್ಟ ಧಣಿ, ಕಫೀಲ್, ಇಬ್ರಾದಾಚೆಯ ತೋಟದಲ್ಲಿ ಆಡು ಕಾಯಲು ಬಿಟ್ಟಿದ್ದ. ಅಲ್ಲಿಂದ ಓಡಿದವನನ್ನು ಆಲ್ಫ್ರೆಡ್ ತಂದು ಇಟ್ಟುಕೊಂಡಿದ್ದ. ಸಿಕ್ಕಿದರೆ ಅವನಿಗೂ ಜೈಲು, ಇಟ್ಟುಕೊಂಡವರಿಗೂ ಜೈಲು.

"ಆಸ್ಪತ್ರೆಯಿಂದ ಸೀದಾ ಏರ್‌ಪೋರ್ಟಿಗೆ ಹೋಗ್ಬಹುದಿತ್ತು," ಎಂದು ವ್ಯಾನ್ ಓಡಿಸುವ ಉಮರಬ್ಬ ಪಿಸುಗುಟ್ಟಿದ. "ಮೂರು ಮಹಡಿ ಹತ್ತಿಸಿದ್ದು ಎಂತಕ್ಕೆ?"

"ತಮ್ಮನಿಗೆ ಅಣ್ಣನ ಮುಖ ನೋಡ್ಬೇಡ್ವಾ? ನಿಂಗೆ ತಮ್ಮ ಇಲ್ವಾ ಮಾರಾಯ?" ಎಂದ ಭೋಜರಾಜ.

"ಇದ್ದಾನೆ. ಅವನ ಮುಖಕ್ಕೆ ನಾನು ಒಂದು ಮೆಟ್ಟಿಲೂ ಹತ್ತುವುದಿಲ್ಲ."

ಇಗರ್ಜಿಯ ಸ್ಟ್ಯಾನ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮಿದ. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು.

*

ಶುಕ್ರವಾರ ಆಲ್ಫ್ರೆಡನ ಮನೆಯಲ್ಲಿ ಬೈಬಲ್ ಓದು ಇರುತ್ತಿತ್ತು. ಯೆಹೂದಿಗಳು ಮೋಶೆಯ ಪುಸ್ತಕಗಳನ್ನು ವಾರಕ್ಕೊಂದು ಪಾಲಿನಂತೆ ವರ್ಷಕ್ಕೊಮ್ಮೆ ಓದಿ ಮುಗಿಸುತ್ತಾರೆಂದು ಪಾದ್ರಿಗಳು ಹೇಳಿದ್ದರು. ಆಲ್ಫ್ರೆಡ್ ಅದೇ ಕ್ರಮ ಹಿಡಿದ. ಅವರಿದ್ದ ಹಮ್ರಿಯಾದ ನಾಲ್ಕಾರು ಮನೆಯವರು ಬರುತ್ತಿದ್ದರು. ರಾಬರ್ಟ್ ಅಡುಗೆಮನೆಯೊಳಗೆ ನೆಲದ ಮೇಲೆ ಕೂತು ಕೇಳುತ್ತಿದ್ದ. ಕೆಮ್ಮು ಬಂದರೆ ಬಾಯಿಗೆ ಬೈರಾಸು ತುರುಕಿಕೊಳ್ಳುತ್ತಿದ್ದ.

ಹಿಂದಿನ ಸೆಪ್ಟೆಂಬರಿನಲ್ಲಿ ಓದಿಗೆ ಮೊದಲ ಬೆಳೆಯ ಪಾಲು ಬಂತು. ಹೊಸ ಫಲವನ್ನು ಬುಟ್ಟಿಯಲ್ಲಿಟ್ಟು ದೇವರ ಮುಂದೆ ನಿಂತವನು, ನನ್ನ ಹಿರಿಯ ಅಲೆಮಾರಿಯಾಗಿದ್ದ, ಪರದೇಶಕ್ಕೆ ಇಳಿದು ಹೋದ, ಅಲ್ಲಿ ಕಷ್ಟಪಟ್ಟ ಎಂದು ಬಾಯಿಬಿಟ್ಟು ಹೇಳಬೇಕಂತೆ. ಅದೇ ವಾರ ಊರಿನಿಂದ ತೆನೆಹಬ್ಬದ ಭತ್ತ ಕವರಿನಲ್ಲಿ ಬಂದಿತ್ತು. ಮನೆಯವರು ಎಲ್ಲಿದ್ದರೂ ಅವರ ಪಾಲಿನ ಕಾಳು ಅಂಚೆಯಲ್ಲಿ ಹೋಗಬೇಕು, ಅದು ವಾಡಿಕೆ.

ಆಲ್ಫ್ರೆಡ್ ಉಗುರಿನಲ್ಲಿ ಸಿಪ್ಪೆ ಸುಲಿದು ಅಕ್ಕಿಯನ್ನು ಹಾಲಿಗೆ ಹಾಕಿದ. ಎಲ್ಲರೂ ಹೋದ ಮೇಲೆ ಮೊದಲ ಲೋಟ ಅಡುಗೆಮನೆಗೆ ಕೊಟ್ಟ.

"ಅಣ್ಣ, ಇದು ಹಿರಿಯರಿಗೆ ಮೊದಲಲ್ವಾ?"

"ಅಮ್ಮ ಕವರಿನ ಮೇಲೆ ನನ್ನ ಹೆಸರು ಬರೆದದ್ದು ನಿನ್ನದು ಬರೆಯಲಿಕ್ಕೆ ಹೆದರಿ. ಕುಡಿ."

"ನಾನೂ ಒಂದು ದಿನ ಎಲ್ಲರ ಎದುರಿಗೆ ಕೂತು ಹೇಳಬೇಕು."

"ಎಂತ ಹೇಳುವುದು?"

"ನನ್ನನ್ನು ಯಾರು ತಂದದ್ದು ಅಂತ."

"ಸ್ವರ ತಗ್ಗಿಸಿ ಮಾತಾಡು," ಎಂದ ಆಲ್ಫ್ರೆಡ್. "ಗೋಡೆ ತೆಳು."

*

ಮಂದೂಬ್ ಸಾಲಿಂ ಚಪ್ಪಲಿ ಹೊರಗೆ ಬಿಟ್ಟು ಬಂದ. ಪೆಟ್ಟಿಗೆಯ ಗಾಜಿನೊಳಗಿನ ಮುಖವನ್ನು ನೋಡಿ ಎದೆಯ ಮೇಲೆ ಕೈಯಿಟ್ಟ. ಹಿಂದಿಯಲ್ಲಿ, ಒಳ್ಳೆಯ ಮನುಷ್ಯ, ಸ್ಟೋರಿನಲ್ಲಿ ಒಂದು ಮೊಳೆಯೂ ಕಡಿಮೆಯಾಗಲು ಬಿಟ್ಟವನಲ್ಲ ಎಂದ. ಮುಖ ಒರೆಸಿಕೊಂಡ.

"ಸ್ವಲ್ಪ ನೀರು ಕೊಡಿ."

ನೀರು ಅಡುಗೆಮನೆಯಲ್ಲಿತ್ತು. ಒಲಿಂಡಾಳ ಬೆನ್ನು ಬಾಗಿಲಿಗೆ ಇನ್ನಷ್ಟು ಒತ್ತಿತು.

"ಸಾವಿನ ಮನೆಯ ನೀರು ಬೇಡ," ಎಂದು ಭೋಜರಾಜ ಅದೇ ಹಿಂದಿಯಲ್ಲಿ ತಡವರಿಸಿದ. "ನಮ್ಮಲ್ಲಿ ಕುಡಿಯೋದಿಲ್ಲ. ಅಂಗಡಿಯಿಂದ ಪೆಪ್ಸಿ ತರ್ತೇನೆ."

ಸಾಲಿಂ ಒಲಿಂಡಾಳನ್ನು ನೋಡಿದ. ಕುರ್ಚಿಯನ್ನು ನೋಡಿದ. ಚಿಲಕವನ್ನು ನೋಡಿದ.

"ಬೇಡ," ಎಂದ. "ವಿಮಾನಕ್ಕೆ ತಡ. ಯಲ್ಲಾ, ಹೊರಡಿ."

ಪೆಟ್ಟಿಗೆ ಹತ್ತಿಸುವಾಗ ಕೈಜೋಡಿಸಿದ್ದ ನಾಲ್ಕನೆಯವ ಮ್ಯಾಥ್ಯೂ ಕಾರ್ಗೋ ಆಫೀಸಿಗೆ ಮುಂದಾಗಿ ಹೋಗಿದ್ದ. ಉಳಿದ ಮೂವರು ಎತ್ತಿದರು. ತಲೆಯ ಕಡೆ ಉಮರಬ್ಬ ಒಬ್ಬನೇ. ಬಾಗಿಲ ಹತ್ತಿರ ಅವನ ಕೈ ಜಾರಿತು; ಪೆಟ್ಟಿಗೆ ಓರೆಯಾಗಿ, ಒಳಗೆ ಏನೋ ಸರಿದ ಸದ್ದು ಕೇಳಿತು.

ಆಗ ಅಡುಗೆಮನೆಯ ಬಾಗಿಲು ಒಳಗಿನಿಂದ ಬಡಿಯಿತು.

ಮತ್ತೊಮ್ಮೆ ಬಡಿಯಿತು. "ಅತ್ತಿಗೆ, ತೆಗೀರಿ," ಎಂದ ರಾಬರ್ಟ್, ಸ್ವರ ತಗ್ಗಿಸದೆ.

ಒಲಿಂಡಾ ಎದ್ದಳು. ಮಂದೂಬನ ಕಂಕುಳಿನ ಚೀಲವನ್ನೇ ನೋಡುತ್ತಾ ಕುರ್ಚಿ ಸರಿಸಿದಳು. ಚಿಲಕಕ್ಕೆ ಕೈ ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು.

ರಾಬರ್ಟ್ ಬಂದವನೇ ಉಮರಬ್ಬನ ಪಕ್ಕ ನಿಂತು ಪೆಟ್ಟಿಗೆಯ ತಲೆಯನ್ನು ಎತ್ತಿ ಹಿಡಿದ.

"ಇವನು ಯಾರು?" ಎಂದ ಸಾಲಿಂ.

"ತಮ್ಮ," ಎಂದ ರಾಬರ್ಟ್. "ಈ ಅಣ್ಣನೇ ನನ್ನನ್ನು ಇಬ್ರಾದಿಂದ ತಂದು ಸಾಕಿದ."

"ಪತಾಕ?"

"ಇಲ್ಲ. ಅಣ್ಣನನ್ನು ಇಳಿಸುತ್ತೇನೆ. ಆಮೇಲೆ ಎಲ್ಲಿಗೆ ಕರೆದರೂ ಬರುತ್ತೇನೆ."

ಸ್ಟ್ಯಾನ್ಲಿ ಶಿಲುಬೆಯ ಗುರುತು ಹಾಕಲು ಹೋದ. ಕೈ ಖಾಲಿ ಇರಲಿಲ್ಲ. ಸಾಲಿಂ ಚೀಲ ತೆರೆದು, ಆ ಕೊನೆಯ ಕಾಗದ ತೆಗೆದು ಒಲಿಂಡಾಳ ಕೈಗೆ ಕೊಟ್ಟ. ಆಮೇಲೆ ಹೊರಗೆ ಹೋಗಿ ಮೆಟ್ಟಿಲಿಗೆ ಇಳಿದ.

ತಿರುವು ಇಕ್ಕಟ್ಟು, ತಲೆಯ ಕಡೆಯೇ ಮೊದಲು ಇಳಿಯಬೇಕಾಯಿತು. ರಾಬರ್ಟ್ ಹಿಂದುಹಿಂದಕ್ಕೆ ಹೆಜ್ಜೆಯಿಟ್ಟ. ಇಲ್ಲಿಗೆ ಬಂದ ಮೇಲೆ ಅವನು ಆ ಮೆಟ್ಟಿಲನ್ನು ಇಳಿದವನೇ ಅಲ್ಲ. ಬರಿಗಾಲಿನಿಂದ ಒಂದೊಂದನ್ನೂ ತಡವಿ ಹುಡುಕುತ್ತಿದ್ದ. ಅವನಿಗಿಂತ ಒಂದು ಮೆಟ್ಟಿಲು ಕೆಳಗೆ ಸಾಲಿಂ ಇದ್ದ. ಅವನ ಅಂಗೈ ರಾಬರ್ಟನ ಬೆನ್ನ ಮೇಲಿತ್ತು, ಬೀಳದಿರಲೆಂದೋ, ಓಡದಿರಲೆಂದೋ. ಕೆಳಗೆ ಬೀದಿಯ ಬಿಸಿಲು ತಲುಪುವವರೆಗೂ ಅದು ಅಲ್ಲೇ ಇತ್ತು.