ದಸರಾ ರಜೆಗೆ ಬೇಕಾದ ಸಾಮಾನು

ಹಾರೋಹಳ್ಳಿ ಬಸ್ ಸ್ಟ್ಯಾಂಡಿನ ಎದುರಿಗೆ, ಗೊಬ್ಬರದ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಲೋಕೇಶನ ಸ್ಟುಡಿಯೊ ಇತ್ತು. ಸುತ್ತ ಫ್ಯಾಕ್ಟ್ರಿಗಳು ಒಂದಾದ ಮೇಲೊಂದು ಏಳುತ್ತಾ ಹೋದಂತೆ ಅವನಿಗೂ ಕೈತುಂಬ ಕೆಲಸ. ಹೊಸದಾಗಿ ಸೇರುವವರೆಲ್ಲ ಗೇಟ್ ಪಾಸಿಗೆ ಫೋಟೊ ಬೇಕೆಂದು ಬರುವರು, ನೀಲಿ ಪರದೆಯ ಮುಂದೆ ಸ್ಟೂಲಿನ ಮೇಲೆ ಕೂರುವರು, ಗದ್ದ ಎತ್ತಿ ಎಂದರೆ ಎತ್ತುವರು. ಎಂಟು ವರ್ಷ ಊರವರ ಗದ್ದ ಎತ್ತಿಸಿ ಎತ್ತಿಸಿ ಲೋಕೇಶನಿಗೆ ಸಾಕುಸಾಕಾಗಿತ್ತು. ಮದುವೆ ಮುಂಜಿ ಅಂತ ದೊಡ್ಡ ಕೆಲಸಗಳಿಗೆ ಜನ ಕನಕಪುರದ ದೊಡ್ಡ ಸ್ಟುಡಿಯೊಗಳಿಗೇ ಹೋಗುತ್ತಿದ್ದರು.

ಅದಕ್ಕೇ ಎರಡು ಸಾವಿರದ ಆರನೇ ಇಸವಿಯಲ್ಲಿ, ದಸರಾಕ್ಕೆ ಇನ್ನೂ ಮೂರು ವಾರ ಇರುವಾಗಲೇ ಅವನು ಒಂದು ಪಟ್ಟಿ ಬರೆಯಲು ಕೂತ. ಆಯುಧಪೂಜೆಗೆ ಫ್ಯಾಕ್ಟ್ರಿಗಳಿಗೆ ರಜೆ, ಅವನ ಅಂಗಡಿಗೂ ರಜೆ. ಆ ನಾಲ್ಕು ದಿನದಲ್ಲಿ ಬೆಂಗಳೂರಿಗೆ ಹೋಗಿ ಬೇಕಾದ್ದನ್ನು ತಂದು, ಕಲಿಯಬೇಕಾದ್ದನ್ನು ಕಲಿತು, ಬೇರೆಯೇ ಮನುಷ್ಯನಾಗಿ ಬಂದು ಅಂಗಡಿ ಬಾಗಿಲು ತೆಗೆಯಬೇಕೆಂಬುದು ಅವನ ಆಸೆ. ಲ್ಯಾಬಿನಿಂದ ಬರುವ ಹಳದಿ ಕವರಿನ ಹಿಂಬದಿಯಲ್ಲಿ ದುಂಡಗೆ ಬರೆದ. ಡಿಜಿಟಲ್ ಕ್ಯಾಮೆರಾ. ದೂರದ್ದನ್ನು ಹತ್ತಿರ ತರುವ ಲೆನ್ಸು. ದೊಡ್ಡ ಫ್ಲಾಶು. ಛತ್ರಿ ಲೈಟು ಎರಡು. ಅಲ್ಲಾಡದ ಸ್ಟ್ಯಾಂಡು. ಕೆಳಗೊಂದು ಗೆರೆ ಎಳೆದು 'ಕಲಿಯಲಿಕ್ಕೆ' ಎಂದು ಬರೆದು, ಕಂಪ್ಯೂಟರಿನಲ್ಲಿ ಫೋಟೊ ತಿದ್ದುವ ಕೋರ್ಸು ಎಂದು ಸೇರಿಸಿದ. ಬೆಂಗಳೂರಿನ ಪುಸ್ತಕದಂಗಡಿಯಲ್ಲಿ ಒಮ್ಮೆ ನಿಂತುಕೊಂಡೇ ಮಗುಚಿ ನೋಡಿದ್ದ ದಪ್ಪ ಇಂಗ್ಲಿಷ್ ಪುಸ್ತಕ ನೆನಪಾಯಿತು. ಅದನ್ನೂ ಬರೆದ. ಅದನ್ನು ಓದಲು ಒಂದು ಇಂಗ್ಲಿಷ್ ಕನ್ನಡ ಡಿಕ್ಷನರಿ ಬೇಕಾಗುತ್ತದಲ್ಲ ಎಂದು ಅದನ್ನೂ ಬರೆದ.

ಹೆಂಡತಿ ಭಾನುಪ್ರಿಯ ಗಾರ್ಮೆಂಟ್ಸಿನಿಂದ ಬಂದವಳು ಕವರು ಎತ್ತಿಕೊಂಡು ಓದಿದಳು.

"ಎಲ್ಲ ಐತೆ. ಹೇಳ್ಕೊಡೋರು ಯಾರೂ ಇಲ್ವಲ್ಲ ಇದ್ರಾಗೆ."

"ಪುಸ್ತಕ ಐತಲ್ಲ."

"ಪುಸ್ತಕ ನೀವು ಕೇಳಿದ್ದಕ್ಕೆ ವಾಪಸ್ ಮಾತಾಡ್ತದಾ?" ಎಂದು ನಕ್ಕು ಅವಳು ಕಾಫಿಗಿಡಲು ಹೋದಳು.

ಆ ವಾರದಲ್ಲೇ ಬಿಲ್ಲೇದೊಡ್ಡಿಯ ಕಾಳಯ್ಯ ಅಂಗಡಿಗೆ ಬಂದ. ಅರವತ್ತು ದಾಟಿದ ಮನುಷ್ಯ, ಕುರಿ ಸಾಕಿಕೊಂಡು ಹೊಲ ಮಾಡಿಕೊಂಡಿದ್ದವನು. ಹೆಗಲ ಮೇಲಿನ ಕಂಬಳಿ ತೆಗೆದು ಮಡಿಸಿ ತೊಡೆ ಮೇಲಿಟ್ಟುಕೊಂಡು ಕೂತ.

"ಹೊಲ ಫ್ಯಾಕ್ಟ್ರಿಗೆ ಕೊಟ್ಟಾಯ್ತು ಕಣಪ್ಪ. ಹುಡುಗನಿಗೆ ಅಲ್ಲೇ ಕೆಲಸ ಕೊಡ್ತೀವಿ ಅಂದವ್ರೆ, ಅದು ಒಳ್ಳೇದೇ. ಹಬ್ಬದ ರಜೆ ಕಳೆದ ಮಾರನೇ ದಿನ ಜೆಸಿಬಿ ಶುರುವಾಯ್ತದಂತೆ. ಅದಕ್ ಮುಂಚೆ ಮನೆಯೋರೆಲ್ಲ ಹೊಲದಾಗೆ, ಹುಣಸೇಮರದ ತಾವ ನಿಂತ್ಕಂಡು ಒಂದು ಪಟ ತೆಗಿಸ್ಕಳವಾ ಅಂತ ನಮ್ಮ ದಾಸಮ್ಮಂದು ಆಸೆ."

ಲೋಕೇಶನಿಗೆ ಖುಷಿಯಾಯಿತು. ನೀಲಿ ಪರದೆಯಿಂದ ಆಚೆ ಕರೆದವನು ಇವನೊಬ್ಬ ಎನ್ನಿಸಿತು.

ಹೇಳಿದ ದಿನ ಹೋದ. ಕಬ್ಬಾಳಿನಲ್ಲಿದ್ದ ಮಗಳು ಗಂಡನ ಜೊತೆ ಬರಬೇಕಿತ್ತು, ಬಸ್ಸು ತಪ್ಪಿ ಅವರು ಬರುವ ಹೊತ್ತಿಗೆ ಮೂರು ಗಂಟೆ. ಅಷ್ಟು ಹೊತ್ತೂ ದಾಸಮ್ಮ ಹಸಿರು ರೇಷ್ಮೆ ಸೀರೆ ಉಟ್ಟು, ಎಲ್ಲಿ ಮುದುರಿ ಹೋಗುತ್ತದೋ ಎಂದು ಕೂರದೆ ನಿಂತೇ ಇದ್ದಳು. ಹುಣಸೇಮರ ಅವಳ ಮಾವನ ಕಾಲದ್ದು. ಅದರಡಿಯಲ್ಲೇ ಕುರಿಹಟ್ಟಿ, ಅದರಡಿಯಲ್ಲೇ ಅವಳ ಮೂರು ಮಕ್ಕಳಿಗೆ ತೊಟ್ಟಿಲು ಕಟ್ಟಿದ್ದು. ಇಳಿಬಿಸಿಲು ಕಣ್ಣಿಗೆ ಹೊಡೆದು ಎಲ್ಲರೂ ಮುಖ ಕಿವುಚಿದರು. ಲೋಕೇಶ ಅವರನ್ನು ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸಿದ. ಕಣ್ಣು ಬಿಟ್ಟರು, ನಕ್ಕರು. ಅರ್ಧ ರೀಲು ಅಲ್ಲೇ ಮುಗಿಸಿದ.

ಐದು ದಿನಕ್ಕೆ ಲ್ಯಾಬಿನಿಂದ ಕವರು ಬಂತು. ಲೋಕೇಶ ತೆಗೆದು ನೋಡಿದ. ಮರ ಚೆನ್ನಾಗಿ ಬಂದಿತ್ತು, ಒಂದೊಂದು ಎಲೆಯ ಅಂಚಿನಲ್ಲೂ ಬೆಳಕು. ಅದರ ಮುಂದೆ ಒಂಬತ್ತು ಜನ, ಒಬ್ಬರಿಗೂ ಮುಖವಿಲ್ಲ. ಕಪ್ಪಗೆ, ಮಸಿ ಬಳಿದ ಹಾಗೆ. ಹನ್ನೆರಡು ಫೋಟೊದಲ್ಲಿ ಹನ್ನೆರಡೂ ಹಾಗೆಯೇ.

ಕಾಳಯ್ಯ ಕೇಳಲು ಬಂದಾಗ, ಲ್ಯಾಬಿನೋರು ಇನ್ನೂ ಕಳಿಸಿಲ್ಲ ಕಾಳಣ್ಣ ಎಂದ. ಕವರು ಅವನು ಕೂತಿದ್ದ ಮೇಜಿನ ಡ್ರಾಯರಿನಲ್ಲೇ ಇತ್ತು. ನಾಲ್ಕು ದಿನ ಬಿಟ್ಟು ಕಾಳಯ್ಯ ಮತ್ತೆ ಬಂದ. ಲೋಕೇಶ ಅದೇ ಮಾತು ಹೇಳಿದ.

"ತಡ ಆದ್ರೆ ಆಗ್ಲಿ ಬುಡು," ಎಂದ ಕಾಳಯ್ಯ. "ಜೆಸಿಬಿ ಬರಾಕ್ ಮುಂಚೇನೇ ನೆನ್ನೆ ಮರ ಕಡ್ದ್ ಬುಟ್ರು. ಸದ್ಯ, ಪಟದಾಗಾದ್ರೂ ಐತಲ್ಲ ಅಂತ ದಾಸಮ್ಮ ಅಂದ್ಕತಾ ಕುಂತವ್ಳೆ."

ಅವತ್ತು ಲೋಕೇಶ ಮಧ್ಯಾಹ್ನಕ್ಕೇ ಶಟರ್ ಎಳೆದು ಮನೆಗೆ ಬಂದುಬಿಟ್ಟ. ಸಂಜೆ ಭಾನುಪ್ರಿಯಳ ಮುಂದೆ ಕವರು ಸುರಿದು, ಡಿಜಿಟಲ್ ಕ್ಯಾಮೆರಾ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ, ಅಲ್ಲೇ ನೋಡಿಕೊಳ್ಳಬಹುದಿತ್ತು, ಈ ಹಳೇ ಡಬ್ಬ ಹಿಡಿದು ಯಾರು ತಾನೇ ಏನು ಮಾಡಿಯಾರು ಎಂದೆಲ್ಲ ಅಂದ. ಅವಳು ಒಂದೊಂದೇ ಫೋಟೊ ನೋಡಿ ಕೆಳಗಿಟ್ಟಳು.

"ನಮ್ಮಕ್ಕನ ಮದುವೆ ಅಕ್ಕೂರಿನಾಗೆ ಆದಾಗ ರಾಮನಗರದಿಂದ ಫೋಟೊ ತೆಗ್ಯಾಕೆ ಸಮದ್ ಸಾಹೇಬ್ರು ಬಂದಿದ್ರು. ಉರಿಬಿಸಿಲು. ಅವ್ರ ತಾವಿದ್ದಿದ್ದೂ ಇಂಥ ಡಬ್ಬಾನೇ. ಆ ಆಲ್ಬಮ್ಮಿನಾಗೆ ನಮ್ಮಕ್ಕನ ಕಣ್ಣೀರೂ ಕಾಣ್ತದೆ. ಒಂದು ಸಾರಿ ಹೋಗಿ ಕೇಳ್ಬಾರ್ದಾ?"

ಲೋಕೇಶನಿಗೆ ಅವಮಾನವೆನ್ನಿಸಿತು. ಎಂಟು ವರ್ಷ ಸ್ಟುಡಿಯೊ ನಡೆಸಿದವನು ಹೋಗಿ ಏನಂತ ಕೇಳುವುದು. ಆದರೂ ಭಾನುವಾರ ಬೆಳಗ್ಗೆ ಇಬ್ಬರೂ ಕನಕಪುರಕ್ಕೆ ಹೋಗಿ ಅಲ್ಲಿಂದ ರಾಮನಗರದ ಬಸ್ಸು ಹತ್ತಿದರು.

ಸಮದ್ ಸಾಹೇಬರ ಮನೆ ರೇಷ್ಮೆಗೂಡಿನ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿತ್ತು. ಎಪ್ಪತ್ತರ ಮೇಲಾಗಿತ್ತು, ಒಂದು ಕಣ್ಣಿಗೆ ಪೊರೆ ಬಂದಿತ್ತು. ಸ್ಟುಡಿಯೊ ಮುಚ್ಚಿ ಐದು ವರ್ಷವಾಗಿತ್ತು. ಭಾನುಪ್ರಿಯ ಅಕ್ಕೂರಿನ ಮದುವೆಯ ನೆನಪು ಹೇಳಿದಾಗ ಅವರು, ಸಂಜೆ ಮಳೆ ಬಂದು ಚಪ್ಪರ ಬಿದ್ದಿದ್ದು ಅದೇ ಮದುವೇನಾ ಎಂದು ಕೇಳಿ, ಒಳಗೆ ಕರೆದು ಚಾ ಕೊಡಿಸಿದರು.

ಲೋಕೇಶ ಮೊದಲು ತೋರಿಸಿದ್ದು ಫೋಟೊಗಳನ್ನಲ್ಲ, ಪಟ್ಟಿಯನ್ನು. ಇದರಲ್ಲಿ ಮೊದಲು ಯಾವುದು ತಗೊಳ್ಳಲಿ ಎಂದು ಕೇಳಿದ. ಸಾಹೇಬರು ಕವರನ್ನು ಮೂಗಿನ ಹತ್ತಿರ ಹಿಡಿದು ಓದಿದರು.

"ಡಿಜಿಟಲ್ ತಗೊ, ಬೇಡ ಅನ್ನಲ್ಲ. ರೀಲು ಇನ್ನೆಷ್ಟು ದಿನ ಸಿಗ್ತದೆ. ದೂರದ ಲೆನ್ಸು ಯಾಕೆ? ಜನರ ಹತ್ರ ಹೋಗೋಕೆ ನಾಚಿಕೆನಾ?" ಎಂದರು. ಪುಸ್ತಕದ ಸಾಲಿಗೆ ಬಂದಾಗ, "ನನಗೂ ಇಂಥದ್ದೊಂದು ಓದಬೇಕು ಅಂತಿತ್ತು. ಇಂಗ್ಲಿಷ್ ಬರ್ತಿರ್ಲಿಲ್ಲ," ಎಂದರು. ಆಮೇಲೆ ಕೈ ನೀಡಿದರು. "ಈಗ ನೀನು ಬಂದಿರೋ ಕೆಲಸ ತೋರಿಸು."

ಲೋಕೇಶ ಫೋಟೊಗಳನ್ನು ಕೊಟ್ಟ. ಸಾಹೇಬರು ಬಾಗಿಲ ಬೆಳಕಿಗೆ ಹಿಡಿದು ನೋಡಿದರು.

"ಮರ ಚೆನ್ನಾಗಿದೆ. ನೀನು ಮರದ ಫೋಟೊ ತೆಗೆದಿದೀಯ, ಜನ ಅಡ್ಡ ಬಂದಿದಾರೆ."

"ಡಿಜಿಟಲ್ ಇದ್ದಿದ್ರೆ ಅಲ್ಲೇ ಗೊತ್ತಾಗ್ತಿತ್ತು ಸಾಹೇಬ್ರೆ."

"ನಿಜ. ಗೊತ್ತಾದ ಮೇಲೆ ಏನು ಮಾಡ್ತಿದ್ದೆ?"

ಲೋಕೇಶ ಫೋಟೊಗಳನ್ನು ವಾಪಸ್ ಇಸಿದುಕೊಂಡು ಕವರಿಗೆ ಹಾಕಿದ.

ಸಾಹೇಬರು ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋದರು. ಬಿಸಿಲಿಗೆ ಬೆನ್ನು ಮಾಡಿ ತಾವೇ ಒಂದು ಸ್ಟೂಲಿನ ಮೇಲೆ ಕೂತು, ನನ್ನ ಮುಖ ನೋಡು ಎಂದರು. ಮುಖ ನೆರಳಲ್ಲಿತ್ತು. ಆಮೇಲೆ ತಂತಿಯ ಮೇಲೆ ಒಣಗಿಹಾಕಿದ್ದ ಬಿಳಿ ಬೆಡ್‌ಶೀಟು ತರಿಸಿ, ಭಾನುಪ್ರಿಯಳ ಕೈಗೆ ಕೊಟ್ಟು ತಮ್ಮೆದುರಿಗೆ ಓರೆಯಾಗಿ ಹಿಡಿಸಿದರು. ಬಟ್ಟೆಯ ಮೇಲೆ ಬಿದ್ದ ಬಿಸಿಲು ತಿರುಗಿ ಅವರ ಮುಖದ ಮೇಲೆ ಬಂತು. ಗಡ್ಡದ ಒಂದೊಂದು ಕೂದಲೂ ಕಂಡಿತು. ಇಳಿಸು ಅಂದರು, ಮುಖ ಮತ್ತೆ ಮಂಕಾಯಿತು. ಎತ್ತು ಅಂದರು, ಬೆಳಗಿತು. ಹೀಗೆ ಏಳೆಂಟು ಸಲ. ಲೋಕೇಶ ಬಾಯಿ ತೆರೆದುಕೊಂಡು ನೋಡಿದ. ಎಂಟು ವರ್ಷ ನೀಲಿ ಪರದೆಯ ಮುಂದೆ ಎರಡು ಬಲ್ಬು ಹಾಕಿಕೊಂಡೇ ಇದ್ದವನು ಬೆಳಕನ್ನು ಹೀಗೆ ತಿರುಗಿಸಬಹುದೆಂದು ಯೋಚಿಸಿಯೇ ಇರಲಿಲ್ಲ.

"ಕ್ಯಾಮೆರಾದ ಬೆಳಕು ಅಳೆಯೋ ಮೀಟರಿಗೆ ಆಕಾಶ ತೋರಿಸಿದ್ರೆ ಅದು ಓಹೋ ತುಂಬ ಬೆಳಕಿದೆ ಅಂತ ಕಣ್ಣು ಮುಚ್ಕೊಳ್ಳುತ್ತೆ. ನಿನ್ನ ಅಂಗೈ ಆ ಜನರ ಮುಖದ ಹತ್ರ ಹಿಡಿದು, ಅಂಗೈ ತೋರಿಸಿ ಅಳತೆ ತಗೊ. ಬೆಳಗ್ಗೆ ಎಂಟರೊಳಗೆ ಹೋಗು." ಇಷ್ಟು ಹೇಳಿ ಸಾಹೇಬರು ಅವನ ಮುಖ ನೋಡಿದರು. "ಕೆಟ್ಟಿದೆ ಅಂತ ಅವ್ರಿಗೆ ಹೇಳಿದೀಯಾ?"

"ಇಲ್ಲ. ಲ್ಯಾಬಿಂದ ಬಂದಿಲ್ಲ ಅಂದಿದೀನಿ."

ಸಾಹೇಬರು ಬೆಡ್‌ಶೀಟನ್ನು ನಿಧಾನವಾಗಿ ಮಡಿಸಿದರು. "ಚನ್ನಪಟ್ಟಣದಲ್ಲಿ ಒಂದು ನಿಕಾಹ್. ರೀಲು ಕ್ಯಾಮೆರಾದೊಳಗಿನ ಹಲ್ಲಿಗೆ ಕೂತಿರ್ಲಿಲ್ಲ, ತಿರುಗ್ತಾನೇ ಇರ್ಲಿಲ್ಲ, ನಾನು ನೋಡ್ಲಿಲ್ಲ. ಇಡೀ ಮದುವೆ ಖಾಲಿ. ಲ್ಯಾಬಲ್ಲಿ ಹಾಳು ಮಾಡಿದ್ರು ಅಂತ ಸುಳ್ಳು ಹೇಳ್ದೆ. ಅವ್ರು ನಂಬಿದ್ರು, ಪಾಪ. ಮೂವತ್ತು ವರ್ಷ ನಾನು ಆ ಬೀದಿಗೆ ಕಾಲಿಡಲಿಲ್ಲ ಬೇಟಾ. ನೀನು ಹೋಗಿ ಹೇಳು."

ಮಾರನೇ ದಿನ ಲೋಕೇಶ ಬಿಲ್ಲೇದೊಡ್ಡಿಗೆ ಹೋದ. ರಸ್ತೆ ಬದಿಯಲ್ಲಿ ಕಾಳಯ್ಯ ಕಟ್ಟಿಸಿದ ಹೊಸ ಮನೆಗೆ ಇನ್ನೂ ಸುಣ್ಣ ಬಳಿದಿರಲಿಲ್ಲ. ಗಂಡ ಹೆಂಡತಿ ಜಗುಲಿಯ ಮೇಲೆ ಕೂತಿದ್ದರು. ಲೋಕೇಶ ಕವರು ಕೊಟ್ಟು, ತಪ್ಪು ತನ್ನದೆಂದೂ, ಕವರು ಬಂದು ಹತ್ತು ದಿನವಾಯಿತೆಂದೂ ಹೇಳಿಬಿಟ್ಟ.

ದಾಸಮ್ಮ ಒಂದು ಫೋಟೊ ಎತ್ತಿಕೊಂಡು ದೂರ ಹಿಡಿದಳು, ಹತ್ತಿರ ಹಿಡಿದಳು. "ಇವಳು ನಾನೇ ಕಣಪ್ಪ. ಬಳೆ ಗೊತ್ತಾಯ್ತದೆ," ಎಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಾಳಯ್ಯ ಫೋಟೊ ಮುಟ್ಟಲಿಲ್ಲ. "ಪಟ ಕೆಟ್ಟೋಗ್ತದೆ. ಬೆಳೆ ಕೆಡಾಕಿಲ್ವಾ, ಹಂಗೇ. ಅದ್ಕೆ ನಂಗೇನಿಲ್ಲ. ಮರ ಕಡ್ಯೋಕೆ ಮುಂಚೆ ನಾನು ಒಂದ್ಸಲ ನಿನ್ ತಾವ ಬಂದಿದ್ದೆ. ಆವತ್ತೇ ಹೇಳಿದ್ರೆ ಇನ್ನೊಂದ್ಸಲ ನಿಂತ್ಕತಿದ್ದೋ," ಎಂದು ಎದ್ದು ಕುರಿಗಳ ಕಡೆ ಹೊರಟುಹೋದ.

ಲೋಕೇಶ ದಾಸಮ್ಮನ ಹತ್ತಿರ, ಆಯುಧಪೂಜೆಯ ಬೆಳಗ್ಗೆ ಮತ್ತೆ ಬರುತ್ತೇನೆ, ಒಪ್ಪಿದರೆ ನಿಲ್ಲಿ ಎಂದ. ಅವಳು ಬಾ ಎನ್ನಲಿಲ್ಲ, ಬೇಡವೆನ್ನಲಿಲ್ಲ. "ಮಗಳಿಗೆ ಹೇಳಿ ಕಳಿಸ್ತೀನಿ," ಎಂದಳು.

ಹಬ್ಬದ ದಿನ ಆರೂವರೆಗೇ ಲೋಕೇಶ ಮತ್ತು ಭಾನುಪ್ರಿಯ ಹೊಲದಲ್ಲಿದ್ದರು. ಎರಡು ಜೆಸಿಬಿಗಳನ್ನು ಆಗಲೇ ತಂದು ಮೂಲೆಯಲ್ಲಿ ನಿಲ್ಲಿಸಿದ್ದರು. ಅವಕ್ಕೂ ಬಾಳೆಕಂಬ ಕಟ್ಟಿ ಚೆಂಡುಹೂವಿನ ಹಾರ ಹಾಕಿದ್ದರು. ಮರವಿದ್ದಲ್ಲಿ ಅಗಲವಾದ ಬುಡ ಮಾತ್ರ ಉಳಿದಿತ್ತು, ಕಡಿದ ಮೈ ಇನ್ನೂ ಕೆಂಪಗಿತ್ತು. ಏಳರ ಹೊತ್ತಿಗೆ ಮನೆಯವರು ಬಂದರು. ಹಿಂದೆ ಕಾಳಯ್ಯನೂ ಬಂದ, ಮಾತಾಡದೆ.

ಎಲ್ಲಿ ನಿಲ್ಲಿಸಲಿ ಎಂದು ಲೋಕೇಶ ಯೋಚಿಸುತ್ತಿರುವಾಗಲೇ ದಾಸಮ್ಮ ಹೋಗಿ ಆ ಬುಡದ ಮೇಲೆ ಕೂತಳು. ತನ್ನ ಮನೆ ಜಗುಲಿಯ ಮೇಲೆ ಕೂತಷ್ಟು ಸಲೀಸಾಗಿ ಕೂತು, ಈ ಸಲ ಸೀರೆ ಮುದುರಿದರೂ ಲೆಕ್ಕಕ್ಕಿಡದೆ, ಪಕ್ಕದಲ್ಲಿ ಕೈ ತಟ್ಟಿ ಮಗಳನ್ನು ಕರೆದಳು. ಉಳಿದವರು ಸುತ್ತ ಸೇರಿದರು. ಕಾಳಯ್ಯ ಕಂಬಳಿ ಹೆಗಲಿಗೇರಿಸಿ ಹೆಂಡತಿಯ ಹಿಂದೆ ನಿಂತ. ಭಾನುಪ್ರಿಯ ಬಿಳಿ ಪಂಚೆಯ ಒಂದು ತುದಿ ಹಿಡಿದಳು, ಪಕ್ಕದ ಹೊಲದ ಪುಟ್ಟಸ್ವಾಮಿ ಇನ್ನೊಂದು ತುದಿ. ಲೋಕೇಶ ದಾಸಮ್ಮನ ಹತ್ತಿರ ಹೋಗಿ, ಅವಳ ಕೆನ್ನೆಯ ಪಕ್ಕ ಅಂಗೈ ಹಿಡಿದು ಅಳತೆ ನೋಡಿದ. ಅಷ್ಟು ಹತ್ತಿರದಿಂದ ಅವನು ಯಾರ ಮುಖವನ್ನೂ ನೋಡಿರಲಿಲ್ಲ. ಹಣೆಯ ಹಚ್ಚೆ, ಮೂಗಿನ ಪಕ್ಕದ ನರೂಲಿ, ರಾತ್ರಿ ನಿದ್ದೆಗೆಟ್ಟ ಕಣ್ಣು.

"ಎಂಗೆ ನೋಡ್ಲಪ್ಪ?" ಎಂದಳು.

"ನಿಮಗೆ ಎಂಗೆ ಬತ್ತದೋ ಅಂಗೆ ನೋಡಿ ತಾಯಿ."

ಇಡೀ ರೀಲು ಖರ್ಚು ಮಾಡಿದ. ಪಂಚೆ ಹಿಡಿದ ಪುಟ್ಟಸ್ವಾಮಿ, ನಮ್ಮ ಮನೆಯೋರ್ದೂ ಒಂದು ತೆಗಿಯಪ್ಪ, ನಮ್ಮ ಹೊಲಾನೂ ಹೋಯ್ತದೆ ಎಂದ. ಹಾಗೆ ರಜೆಯ ಉಳಿದ ಮೂರು ದಿನವೂ ಹೊಲದಿಂದ ಹೊಲಕ್ಕೆ ಹೋಗುವುದರಲ್ಲೇ ಕಳೆಯಿತು, ಬೆಂಗಳೂರಿಗೆ ಹೋಗಲು ಪುರಸೊತ್ತಾಗಲಿಲ್ಲ. ರಜೆ ಕಳೆದ ಮಾರನೇ ದಿನ ಜೆಸಿಬಿ ಶುರುವಾದಾಗ ಊರವರು ದೂರ ನಿಂತು ನೋಡಿದರು. ಲೋಕೇಶ ಕ್ಯಾಮೆರಾ ಚೀಲದೊಳಗಿಟ್ಟುಕೊಂಡು ಅವರ ಜೊತೆ ನಿಂತಿದ್ದ.

ಈ ಸಲ ರೀಲುಗಳನ್ನು ಬಸ್ಸಿನಲ್ಲಿ ಕಳಿಸದೆ ತಾನೇ ಲ್ಯಾಬಿಗೆ ಹೋಗಿ, ಪ್ರಿಂಟು ಕೈಗೆ ಬರುವವರೆಗೆ ಬೆಂಚಿನ ಮೇಲೆ ಕೂತಿದ್ದ. ಮುಖಗಳೆಲ್ಲ ಬಂದಿದ್ದವು. ದಾಸಮ್ಮನ ಹಚ್ಚೆ ಬಂದಿತ್ತು.

ಸಂಜೆ ಬಿಲ್ಲೇದೊಡ್ಡಿಗೆ ಹೋಗಿ ಕೊಟ್ಟಾಗ ಮನೆಯವರೆಲ್ಲ ಒಂದೇ ಫೋಟೊ ಮೇಲೆ ಬಗ್ಗಿದರು. ದಾಸಮ್ಮ ತನ್ನದನ್ನು ಬಿಟ್ಟು ಗಂಡನ ಮುಖದ ಮೇಲೆ ಬೆರಳಿಟ್ಟು, "ನೋಡು, ಎಂಗೆ ಗುರಾಯಿಸ್ಕಂಡು ನಿಂತವ್ರೆ," ಎಂದಳು. ಸೊಸೆ ನಕ್ಕಳು. ಕಾಳಯ್ಯ ಫೋಟೊ ಇಸಿದುಕೊಂಡು ದೀಪದ ಕೆಳಗೆ ಬಹಳ ಹೊತ್ತು ನೋಡಿದ. ಆಮೇಲೆ ಒಳಗೆ ಹೋಗಿ ಮರವಿದ್ದ, ಮುಖವಿಲ್ಲದ ಹಳೇ ಫೋಟೊ ತಂದು ಅದರ ಪಕ್ಕಕ್ಕಿಟ್ಟ.

"ಎರಡಕ್ಕೂ ಕಟ್ಟು ಹಾಕಿಸ್ಕೊಡು," ಎಂದ. ಜಗುಲಿಯಿಂದ ಎದ್ದುಹೋದ ದಿನದ ಮೇಲೆ ಅವನು ಲೋಕೇಶನ ಜೊತೆ ಆಡಿದ ಮೊದಲ ಮಾತು ಅದು.

ಲೋಕೇಶ ಆಯಿತೆಂದು ಎದ್ದ. ಕೊನೇ ಬಸ್ಸಿಗೆ ಇನ್ನು ಹತ್ತು ನಿಮಿಷವಿತ್ತು.

"ಎಲ್ಗೆ?" ಎಂದ ಕಾಳಯ್ಯ. "ಮುದ್ದೆ ಇಟ್ಟವ್ಳೆ. ಉಂಡ್ಕಂಡು ಹೋಗು. ಬಸ್ಸು ಹೋದ್ರೆ ಹುಡುಗ ಗಾಡಿಯಾಗೆ ಬುಟ್ಟು ಬತ್ತಾನೆ."

ಲೋಕೇಶ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ.