ವಾರ್ಡಿನ ಸ್ಟೋವ್

ನಾನು ಸೂಜಿ ಮಸೆಯುತ್ತಿದ್ದೆ. ಸಾಣೆಕಲ್ಲಿನ ಮೇಲೆ ಚೂರು ಎಣ್ಣೆ ಬಿಟ್ಟು, ಸೂಜಿಯ ಮೂತಿಯನ್ನು ಓರೆಯಾಗಿಟ್ಟು ತೀಡಬೇಕು. ಆಮೇಲೆ ಹತ್ತಿಯ ಮೇಲೆ ಎಳೆದು ನೋಡಬೇಕು. ಎಳೆ ಸಿಕ್ಕಿಕೊಂಡರೆ ಇನ್ನೂ ಮುಳ್ಳಿದೆ ಎಂದರ್ಥ. ಪಕ್ಕದಲ್ಲಿ ನರ್ಸ್ ವಾರಿಜಕ್ಕ ಸೂಜಿಯ ತೂತಿಗೆ ತಂತಿ ತೂರಿಸಿ ಒಣಗಿದ ರಕ್ತ ತೆಗೆಯುತ್ತಿದ್ದರು. ಎದುರಿನ ಸ್ಟೋವಿನ ಮೇಲೆ ಸೂಜಿ ಕುದಿಸುವ ಪಾತ್ರೆ ಇರಬೇಕಿತ್ತು. ಹಾಲಿನ ಪಾತ್ರೆ ಇತ್ತು.

ಹೆಂಗಸರ ವಾರ್ಡಿಗೆ ಇದ್ದದ್ದು ಅದೊಂದೇ ಸ್ಟೋವ್. ದೊಡ್ಡ ಡಾಕ್ಟರು ವಿಲೆ ಪಾರ್ಲೆಯಿಂದ ಘಾಟ್ಕೋಪರ್‌ನ ನಮ್ಮ ಆಸ್ಪತ್ರೆಗೆ ಕಾರಿನಲ್ಲಿ ರೌಂಡಿಗೆ ಬರುವ ದಿನ ಅದು ಚಹಾದ ಸ್ಟೋವ್ ಆಗುತ್ತಿತ್ತು. ರೌಂಡು ಮುಗಿಯುವಾಗ ಚಹಾ ಹೊಗೆಯಾಡುತ್ತಿರಬೇಕು. ಅವತ್ತು ಸೂಜಿಗಳನ್ನು ಬಿಸಿನೀರಿನಲ್ಲಿ ಅದ್ದಿ ತೆಗೆಯುವುದಷ್ಟೇ. ಇದು ಯಾರೂ ಕದ್ದು ಮಾಡಿದ್ದಲ್ಲ. ಮೇಟ್ರನ್‌ಗೆ ಗೊತ್ತು, ಡಾಕ್ಟರಿಗೂ ಗೊತ್ತು.

ಅಂಥ ದಿನ ನಾನು ಸ್ಟೋವಿನ ಹತ್ತಿರ ಸುಳಿಯುವಂತಿಲ್ಲ. ಚಹಾ ಮಾಡುವುದು ವಾರಿಜಕ್ಕ. ಆಸ್ಪತ್ರೆಯ ಗಟಾರ ಬಳಿಯುವ ಅಂಗಾರನ ಮಗಳು ಮುಟ್ಟಿದ ಚಹಾ ಡಾಕ್ಟರ ಗಂಟಲಲ್ಲಿ ಇಳಿಯುವುದಿಲ್ಲ. ನಾನು ಮಸೆದ ಸೂಜಿ ಮಾತ್ರ ಎಲ್ಲರ ಮೈಗೂ ಇಳಿಯುತ್ತದೆ.

ಇದು ತಪ್ಪೆಂದು ಯಾಕೆ ಯಾರೂ ಹೇಳುವುದಿಲ್ಲ ಎಂದು ಹಿಂದೊಮ್ಮೆ ವಾರಿಜಕ್ಕನನ್ನು ಕೇಳಿದ್ದೆ. ಅವರು ಚಂಪಾ ಎಂಬ ನರ್ಸಿನ ಕಥೆ ಹೇಳಿದರು. ಬೇರೆಯವರ ಔಷಧಿಯನ್ನು ಕೈತಪ್ಪಿ ಒಬ್ಬಳಿಗೆ ಕುಡಿಸಿದ್ದನ್ನು ಚಂಪಾ ಆ ಕ್ಷಣವೇ ಓಡಿಹೋಗಿ ತಿಳಿಸಿದ್ದಳಂತೆ. ರೋಗಿ ಬದುಕಿದಳು, ಚಂಪಾಳ ಕೆಲಸ ಹೋಯಿತು.

"ಇಲ್ಲಿ ಮುಚ್ಚಿಟ್ಟವಳು ಉಳೀತಾಳೆ ಸೇವಂತಿ, ಹೇಳಿದವಳು ಹೋಗ್ತಾಳೆ. ನೀನು ಸುಮ್ಮನಿರು ಮಾರಾಯ್ತಿ," ಎಂದಿದ್ದರು.

ಅವತ್ತು ನಾನು ಸೂಜಿ ಮಸೆದು ಮುಗಿಸುವಷ್ಟರಲ್ಲಿ ಡಾಕ್ಟರು ತಮ್ಮ ಹಿಂದೆ ಕಲಿಯುವ ಹುಡುಗರನ್ನು ಕಟ್ಟಿಕೊಂಡು ಬಂದು ಶರಣವ್ವನ ಮಂಚದ ಬಳಿ ನಿಂತರು. ಶರಣವ್ವ ವಿಜಾಪುರದ ಕಡೆಯವಳು. ಮುಲುಂಡಿನಲ್ಲಿ ರಸ್ತೆಗೆ ಜಲ್ಲಿ ಹೊರುವಾಗ ಎದೆಯಲ್ಲಿ ಕಫ ಕಟ್ಟಿ ಬಂದಿದ್ದಳು. ಇಂಜೆಕ್ಷನ್ನಿಗೆ ಎದೆ ತಿಳಿಯಾಗಿತ್ತು. ಆದರೆ ಸೂಜಿ ಚುಚ್ಚಿದ ಸೊಂಟ ಕೀವು ತುಂಬಿ ಬಾತುಕೊಂಡಿತ್ತು, ಮೈ ಕೆಂಡವಾಗಿತ್ತು.

"ಸೂಜಿ ಯಾರು ತೊಳೀತಾರ?" ಎಂದು ಡಾಕ್ಟರು ತಮ್ಮ ಧಾರವಾಡದ ಮಾತಿನಲ್ಲಿ ಕೇಳಿದರು.

ಮೇಟ್ರನ್ ನನ್ನತ್ತ ಬೆರಳು ತೋರಿಸಿದರು.

ಡಾಕ್ಟರು ಕೈ ಚಾಚಲು ಹೇಳಿದರು. ಚಾಚಿದೆ. ಅವರು ಮುಟ್ಟಲಿಲ್ಲ. ಪೆನ್ನಿನ ತುದಿಯಿಂದ ನನ್ನ ಅಂಗೈ ಮಗುಚಿ ಹುಡುಗರಿಗೆ ತೋರಿಸಿದರು.

"ಗಟಾರ ಬಳಿಯೋನ ಮಗಳಿಗೆ ಸೂಜಿ ಕೊಟ್ರ ಇನ್ನೇನಾಗ್ತದ? ಹೊಲಸ ಮುಂಡೆ. ನಾಳಿಂದ ಇಕಿ ವಾರ್ಡಿನಾಗ ಕಾಣಬಾರದು."

ಹುಡುಗರು ನಕ್ಕರು. ಡಾಕ್ಟರು ಪೆನ್ನನ್ನು ಒರೆಸಿಕೊಂಡು, ಸೊಂಟದ ಇನ್ನೊಂದು ಬದಿಗೆ ಪೆನಿಸಿಲಿನ್ ಹಾಕಲು ವಾರಿಜಕ್ಕನಿಗೆ ಹೇಳಿದರು. ವಾರಿಜಕ್ಕ ತಟ್ಟೆಯಿಂದ ಸಿರಿಂಜ್ ಎತ್ತಿ ಔಷಧಿ ತುಂಬಿದರು. ಅದೂ ಬೆಳಿಗ್ಗೆ ಬಿಸಿನೀರಿನಲ್ಲಿ ಅದ್ದಿ ತೆಗೆದದ್ದೇ.

ಶರಣವ್ವ ನನ್ನ ಸೆರಗು ಹಿಡಿದಳು. "ತಂಗಿ, ಈ ಸೂಜಿ ಕುದಿಸೀರೇನ?"

ನಾನು ವಾರಿಜಕ್ಕನನ್ನು ನೋಡಿದೆ. ಅವರು ನೆಲ ನೋಡುತ್ತಿದ್ದರು.

"ಇಲ್ಲ," ಎಂದೆ. ಆ ವಾರ್ಡಿನಲ್ಲಿ ನಾನು ಎಲ್ಲರಿಗೂ ಕೇಳುವಂತೆ ಆಡಿದ ಮೊದಲ ಮಾತು ಅದು. "ಸ್ಟೋವಿನ ಮೇಲೆ ಡಾಕ್ಟರ ಚಹಾ ಉಂಟು."

"ಇದಕ್ಕೂ ಬಾಯಿ ಬಂತು ನೋಡ್ರಿ," ಎಂದರು ಡಾಕ್ಟರು.

ಶರಣವ್ವ ಗೋಡೆಯ ಕಡೆ ಸರಿದಳು. "ಹಂಗಾರ ನನಗ ಬ್ಯಾಡ್ರಿ. ಕುದಿಸಿ ಹಾಕ್ರಿ. ಮೊಲಿ ಕುಡಿಯೋ ಕೂಸು ಐತ್ರಿ ಮನ್ಯಾಗ. ನಾ ಎದ್ದು ಹೋಗಬೇಕ್ರಿ."

"ಹಾಕ್ರಿ ಸಿಸ್ಟರ್. ಇಲ್ಲಾಂದ್ರ ನೀವೂ ಇಕಿ ಜೋಡಿ ನಡೀರಿ."

ವಾರಿಜಕ್ಕನ ಕೈ ಶರಣವ್ವನ ಸೊಂಟದವರೆಗೆ ಹೋಗಿ ನಿಂತಿತು. ಚುಚ್ಚಲಿಲ್ಲ. ಹಿಂದಕ್ಕೂ ಬರಲಿಲ್ಲ.

ನಾನು ಸ್ಟೋವಿನ ಬಳಿಗೆ ನಡೆದೆ. ಚಹಾದ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ನೆಲಕ್ಕಿಟ್ಟೆ. ಬೆರಳು ಸುಟ್ಟಿತು. ಮೇಟ್ರನ್ ಓಡಿಬಂದು ಸ್ಟೋವಿನ ಗಾಳಿ ಬಿಟ್ಟರು. ಬೆಂಕಿ ಹುಸ್ಸೆಂದು ಆರಿತು. ಅಲ್ಲಿದ್ದ ಕಡ್ಡಿಪೆಟ್ಟಿಗೆಯನ್ನೂ ಎತ್ತಿಕೊಂಡು ಮುಷ್ಟಿ ಮುಚ್ಚಿದರು. ನಾನು ಸೂಜಿಯ ಪಾತ್ರೆಗೆ ನೀರು ತುಂಬಿ, ಮಸೆದ ಸೂಜಿಗಳನ್ನೆಲ್ಲ ಅದರೊಳಗೆ ಹಾಕಿ, ಸ್ಟೋವಿನ ಮೇಲಿಟ್ಟು ಪಂಪು ಹೊಡೆದೆ. ಸೀಮೆಎಣ್ಣೆಯ ವಾಸನೆ ಎದ್ದಿತು.

ಡಾಕ್ಟರು ಸಿಗರೇಟು ಹಚ್ಚಿಕೊಂಡರು. ಅವರ ಕೈಯಲ್ಲೂ ಕಡ್ಡಿಪೆಟ್ಟಿಗೆ ಇತ್ತು. ಹುಡುಗರ ಜೇಬಿನಲ್ಲೂ ಇದ್ದಿರಬೇಕು. ವಾರಿಜಕ್ಕನ ಸೂಜಿ ಇನ್ನೂ ಅಲ್ಲೇ ನಿಂತಿತ್ತು, ತುದಿಯಲ್ಲಿ ಒಂದು ಹನಿ.

"ಕಡ್ಡಿಪೆಟ್ಟಿಗೆ ಕೊಡಿ," ಎಂದೆ.